ಹಲಗೆ ಇಡದ ಜಾಗ

ಶಾರದಕ್ಕಾ, ಆ ಪೆಟ್ಟಿಗೆಯನ್ನು ತೆಗೆದವಳು ನಾನು. ನಿಮ್ಮ ಕಣ್ಣು ತಪ್ಪಿರಲಿಲ್ಲ — ಏಳು ವರ್ಷದಿಂದ ಈ ಮಾತು ನನ್ನೊಳಗೇ ಇದೆ.

೧೯೯೯ರ ಬೇಸಿಗೆ. ಕಾಸಿಮೇಡಿನ ಮೀನುಬಂದರಿನ ಕಡೆಯ ಆ ಗೋದಾಮಿನ ಮೇಲಂತಸ್ತು ನಿಮಗೆ ಮರೆತಿರಲಾರದು. ವಿಮಾ ಕಚೇರಿಯ ಹಳೆಯ ಕಡತಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ, ಸೂರು ಮುಟ್ಟುವ ಕಬ್ಬಿಣದ ರ‍್ಯಾಕುಗಳ ಮೇಲೆ. ನಿಮ್ಮ ಕೈಕೆಳಗೆ ನಾನು ಹೊಸಬಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದಿನಕ್ಕೆ ಎಷ್ಟು ಪೆಟ್ಟಿಗೆ ಇಳಿಸಿದೆ, ಎಷ್ಟು ಏರಿಸಿದೆ ಎಂದು ಮನೆಗೆ ಹೋಗಿ ದಿನಚರಿಯಲ್ಲಿ ಬರೆಯುವ ಹುಡುಗಿ. ನೀವು ಕಲಿಸಿದ ನಿಯಮ ಒಂದೇ: ಪೆಟ್ಟಿಗೆ ತೆಗೆದರೆ ಆ ಜಾಗದಲ್ಲಿ ತೆಗೆದವರ ಹೆಸರಿನ ಅಗಲವಾದ ಮರದ ಹಲಗೆ ನಿಲ್ಲಿಸಬೇಕು. "ಖಾಲಿ ಜಾಗಾನ ಏನಂತ ಕೇಳೋದು ಕಣೇ? ಹಲಗೆ ಇದ್ರೆ ಅದೇ ಹೇಳತ್ತೆ."

ಕೊನೆಯ ಸಾಲಿನ ಹಿಂದೆ ಒಂದು ಕಿಟಕಿ ಇತ್ತು — ಪೆಟ್ಟಿಗೆಗಳು ಅದನ್ನು ಮುಚ್ಚಿದ್ದವು. ಒಂದು ಮಧ್ಯಾಹ್ನ ಒಂದನ್ನು ಇಳಿಸಿದೆ, ಆ ಸಂದಿಯಲ್ಲಿ ಸಮುದ್ರ ಕಂಡಿತು. ಪೆಟ್ಟಿಗೆಯಷ್ಟೇ ಅಗಲದ ಸಮುದ್ರ. ದೋಣಿಯೊಂದು ಈ ಅಂಚಿನಿಂದ ಬಂದು ಆ ಅಂಚಿನಲ್ಲಿ ಮಾಯವಾಗುತ್ತಿತ್ತು. ಮೀನಿನ ವಾಸನೆಯ ಗಾಳಿ, ಧೂಳಿನೊಳಗೆ ನಿಧಾನ ತೇಲುವ ಬೆಳಕು... ಅಂದಿನಿಂದ ಊಟದ ಹೊತ್ತಿಗೆ ಆ ಪೆಟ್ಟಿಗೆಯನ್ನು ಎದುರಿನ ರ‍್ಯಾಕಿನ ತುದಿಗಿಟ್ಟು ಕೂತುಬಿಡುತ್ತಿದ್ದೆ. ಹಲಗೆ ಇಡುತ್ತಿರಲಿಲ್ಲ — ಇಟ್ಟರೆ ಸಮುದ್ರ ಮುಚ್ಚಿಹೋಗುತ್ತಿತ್ತು.

ಒಂದು ದಿನ ಅದನ್ನು ಮರಳಿ ಇಡಲು ಮರೆತೆ. ಮರುದಿನ ಬೆಳಿಗ್ಗೆಯೇ ಅದರೊಳಗಿನ ಕಡತ ಬೇಕಾಯಿತು. ನೀವು ಖಾಲಿ ಜಾಗದ ಮುಂದೆ ನಿಂತಿರಿ. "ಪೆಟ್ಟಿಗೇನೂ ಇಲ್ಲ, ಹಲಗೇನೂ ಇಲ್ವಲ್ಲೇ!" ಎನ್ನುತ್ತ ಅಧಿಕಾರಿಯನ್ನು ಕರೆಯಲು ಕೆಳಗಿಳಿದಿರಿ. ಬಾಯಿ ತೆರೆಯಲು ನನಗೆ ಅಷ್ಟು ಹೊತ್ತು ಸಿಕ್ಕಿತ್ತು — ತೆರೆಯಲಿಲ್ಲ. ಪೆಟ್ಟಿಗೆಯನ್ನು ಅದರ ಜಾಗಕ್ಕೆ ಜಾರಿಸಿದೆ.

ಅಧಿಕಾರಿ ಬಂದು ನೋಡಿ ನಕ್ಕರು, ತಮಿಳಿನಲ್ಲಿ ಕೇಳಿದರು: "ಎನ್ನ ಶಾರದಾಮ್ಮಾ, ಕನವು ಕಂಡೀಂಗಳಾ?" ಕನಸು ಕಂಡವಳು ನಾನು. ನೀವು, ಅದು ಅಲ್ಲಿ ಇದೆಯೋ ಇಲ್ಲವೋ ಎಂಬಂತೆ ಪೆಟ್ಟಿಗೆಯನ್ನು ಕೈಯಿಂದ ಸವರಿದಿರಿ.

ಆಮೇಲೆ ಪ್ರತಿ ಪೆಟ್ಟಿಗೆಯ ಅಂಕಿಯನ್ನೂ ನನ್ನಿಂದ ಎರಡೆರಡು ಸಲ ಓದಿಸುತ್ತಿದ್ದಿರಿ. ನೀವೇ ಬರೆದ ಅಂಕಿಗಳನ್ನೂ... ದೀಪಾವಳಿಗೆ ಮುಂಚೆ ಬೀಗದ ಕೈ ನನ್ನ ಅಂಗೈಗೆ ಹಾಕಿದಿರಿ. "ನಂಗೆ ನನ್ ಕಣ್ಣಿನ್ ಮೇಲೇ ನಂಬ್ಕೆ ಇಲ್ಲ ಕಣೇ. ಇನ್ನು ನೀನೇ ನೋಡ್ಕೋ." ಅವಧಿಗೆ ಮೊದಲೇ ನಿವೃತ್ತಿ ಕೇಳಿ ಹೋದಿರಿ. ನಾನು — ಬೀಗದ ಕೈ ಇಟ್ಟುಕೊಂಡೆ.

ಮೊನ್ನೆ ಕೋಯಂಬೇಡಿನ ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಕಂಡೆ. ಬಸ್ಸಿನ ಬೋರ್ಡು ಓದಿದಿರಿ, ಆದರೂ ಪಕ್ಕದವರನ್ನು ಕೇಳಿ, ಇನ್ನೊಬ್ಬರನ್ನೂ ಕೇಳಿ, ಆಮೇಲೆ ಹತ್ತಿದಿರಿ. ನಾನು ಕಂಬದ ಹಿಂದೆ ನಿಂತಿದ್ದೆ.

ಈ ಭಾನುವಾರ ಅಣ್ಣಾ ನಗರದ ನಿಮ್ಮ ಮನೆಗೆ ಬರುತ್ತೇನೆ. ಈ ಕಾಗದವನ್ನು ಕೈಗಿತ್ತು ಓಡಿಹೋಗುವುದಿಲ್ಲ. ಎದುರು ಕೂತು ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ ಹೇಳುತ್ತೇನೆ — ಅಕ್ಕಾ, ಆ ಬೆಳಿಗ್ಗೆ ಜಾಗ ಖಾಲಿ ಇತ್ತು. ನೀವು ಕಂಡದ್ದೇ ನಿಜ.