ವರ್ನಾ ಕೈ ತೋರಿಸಿದ ಗುಂಡಿ

ವರ್ನಾ ಟೋಲೆಫ್ಸನ್‌ಳ ಗಂಡ ಲೈಲ್‌ಗೆ ನಲವತ್ತೆರಡು ಹಸುಗಳಿದ್ದವು. ಹಸು ಕಟ್ಟಿದ ಮನೆಯವರಿಗೆ ಊರು ಬಿಡುವ ಭಾಗ್ಯವಿಲ್ಲ. ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಕೊಟ್ಟಿಗೆ ಕರೆಯುತ್ತದೆ, ಹಬ್ಬವಿರಲಿ ಸಾವಿರಲಿ. ಹೀಗಾಗಿ ಮದುವೆಯಾಗಿ ಇಪ್ಪತ್ತು ವರ್ಷ ಆಕೆ ಪಶ್ಚಿಮ ವಿಸ್ಕಾನ್ಸಿನ್ನಿನ ಆ ಒಂದೇ ಕಣಿವೆಯಲ್ಲಿ ಕಳೆದಳು. ಹಗಲು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಆಲೂಗಡ್ಡೆ ಹಿಸುಕುವುದು, ಸಂಜೆ ಹಾಲಿನ ಪಾತ್ರೆ ತೊಳೆಯುವುದು. ಹಸುಗಳನ್ನು ಮಾರಿದ ವಾರ ಚರ್ಚಿನ ಹಳೆ ಸಾಮಾನಿನ ಮಾರಾಟಕ್ಕೆ ಹೋದವಳು ಒಂದು ಹಸಿರು ಸೈಕಲ್ಲು ತಂದಳು. ಆಗ ಅವಳಿಗೆ ನಲವತ್ತೊಂದು.

"ಎಲ್ಲಿಗೆ ಹೊರಟೆ?" ಎಂದ ಲೈಲ್.

"ಗುಡ್ಡದಾಚೆ ಏನಿದೆ ನೋಡ್ಕೊಂಡು ಬರ್ತೀನಿ."

"ಇನ್ನೊಂದು ಗುಡ್ಡ ಇದೆ ಕಣೇ."

ಅವನು ಹೇಳಿದ್ದು ನಿಜವೇ ಆಗಿತ್ತು. ಏರಲು ಒಂದು ಗಂಟೆ ಹಿಡಿಯಿತು, ಮೂರು ಕಡೆ ಇಳಿದು ನೂಕಬೇಕಾಯಿತು. ಎರಡು ಮೈಲಿಯ ಆ ದಾರಿ ಇಳಿಯಲು ಹಿಡಿದದ್ದು ಆರೇ ನಿಮಿಷ. ಆ ಆರು ನಿಮಿಷದಲ್ಲಿ ಗಾಳಿ ಅವಳ ಕಿವಿಯಲ್ಲಿ ಮೊರೆಯಿತು, ಕಣ್ಣಲ್ಲಿ ನೀರು ಬರಿಸಿತು, ಮುಡಿ ಬಿಚ್ಚಿ ಹಾರಿಸಿತು. ಮನೆಗೆ ಬಂದು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಲೈಲ್ ತೀರಿಕೊಳ್ಳುವವರೆಗೂ ಆ ಸಪ್ಪೆ ಸಾರಿನ ಕಥೆ ಹೇಳಿ ರೇಗಿಸುತ್ತಿದ್ದ.

ಆಮೇಲೆ ಮೂವತ್ತೊಂದು ವರ್ಷ ವರ್ನಾ ಸೈಕಲ್ಲು ತುಳಿದಳು. ಪಂದ್ಯಕ್ಕಲ್ಲ, ಪದಕಕ್ಕಲ್ಲ, ಡಾಕ್ಟರು ಹೇಳಿದರೆಂದೂ ಅಲ್ಲ. ಪ್ರತಿ ಮಂಗಳವಾರ ಸಂಜೆ ಆರಕ್ಕೆ ಊರಿನ ಗ್ರಂಥಾಲಯದ ಮುಂದೆ ಹತ್ತು ಹನ್ನೆರಡು ಜನ ಸೇರುವರು. ಹೆಂಚಿನ ಕೆಲಸದವನು, ಹಲ್ಲಿನ ಡಾಕ್ಟರಮ್ಮ, ಅಂಚೆ ಹಂಚುವ ಡೆಲ್ಮರ್ ಕ್ರೌಸ್. ಎಲ್ಲರ ಮುಂದೆ ವರ್ನಾ. ಹೊಸಬರು ಬಂದರೆ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ. ಬಾಯಾರುವ ಮುಂಚೆ ಕುಡಿ, ಹಸಿಯುವ ಮುಂಚೆ ತಿನ್ನು, ಹಸಿದ ಮೇಲೆ ತಿಂದರೆ ಅದು ನಾಳೆಯ ಊಟ. ಹೋಗುವಾಗ ಗಾಳಿಗೆ ಎದುರಾಗಿ ಹೋಗು, ಬರುವಾಗ ಅದೇ ನಿನ್ನನ್ನು ಮನೆಗೆ ನೂಕಿಕೊಂಡು ಬರುತ್ತದೆ. ಮೊದಲೇ ಸುಖಪಟ್ಟವನು ಕೊನೆಗೆ ಅಳುತ್ತಾನೆ. ಏರಿನಲ್ಲಿ ತುದಿ ನೋಡಬೇಡ, ಮುಂದಿನವರ ಚಕ್ರ ನೋಡು. ಮತ್ತೆ, ಒಳ್ಳೆ ಸೀಟಿಗಿಂತ ಒಳ್ಳೆ ಚಡ್ಡಿ ಮುಖ್ಯ. ಈ ಕೊನೆಯದನ್ನು ಅವಳು ಪಾದ್ರಿಗಳಿಗೂ ಹೇಳಿದ್ದಳು.

ಇದೆಲ್ಲಕ್ಕಿಂತ ದೊಡ್ಡ ನೇಮ ಒಂದಿತ್ತು. ಆ ಸೀಮೆಯ ರಸ್ತೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿ, ವಸಂತದಲ್ಲಿ ಬಾಯಿ ಬಿಡುತ್ತವೆ. ಸಾಲಿನಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ಹೋಗುವಾಗ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಆದ್ದರಿಂದ ಎಲ್ಲರಿಗಿಂತ ಮುಂದಿರುವವರು ಗುಂಡಿ ಕಂಡ ಕಡೆ ಕೈ ಚಾಚಿ ತೋರಿಸಿ ಕೂಗಬೇಕು. ಹಿಂದಿನವರು ಯೋಚನೆ ಮಾಡದೆ ಪಕ್ಕಕ್ಕೆ ಸರಿಯಬೇಕು. ಯೋಚನೆ ಮಾಡಿದವನು ಬಿದ್ದ ಅಂತಲೇ ಲೆಕ್ಕ.

ಎಪ್ಪತ್ತು ದಾಟಿದ ಮೇಲೆ ವರ್ನಾಳ ಕಣ್ಣಿನ ನಡುವೆ ಒಂದು ಮಬ್ಬು ಬಂದು ಕೂತಿತು. ಅಂಚು ಸ್ಪಷ್ಟ, ನಡುವೆ ಹೊಗೆ. ಕಣ್ಣಿನ ಡಾಕ್ಟರು ಹೇಳಿದರು, ಇದು ಹೋಗುವುದಿಲ್ಲ, ಬೆಳೆಯುತ್ತದೆ. ಕಾರಿನ ಕೀಲಿಯನ್ನು ಆಕೆ ಅವತ್ತೇ ಕೊಟ್ಟುಬಿಟ್ಟಳು. ಸೈಕಲ್ಲಿನ ವಿಷಯ ಡಾಕ್ಟರು ಕೇಳಲಿಲ್ಲ, ಇವಳು ಹೇಳಲಿಲ್ಲ. ಮಂಗಳವಾರದವರಿಗೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ವರ್ಷ ಮುಂದಾಳಾಗಿ ತುಳಿದಳು. ಹೇಗೆಂದರೆ, ಆ ರಸ್ತೆಗಳ ಪ್ರತಿ ಗುಂಡಿಯೂ ಅವಳಿಗೆ ಬಾಯಿಪಾಠವಾಗಿತ್ತು. ಅಮುಂಡ್ಸನ್‌ರ ಮನೆ ಮುಂದಿನ ಅಂಚೆಡಬ್ಬಿ ದಾಟಿದ ಕೂಡಲೇ ಬಲಕ್ಕೊಂದು, ಕಲ್ಲುಸೇತುವೆಗೆ ಮುಂಚೆ ಎಡಕ್ಕೆರಡು. ಕಾಣುವುದಕ್ಕಲ್ಲ, ನೆನಪಿಗೆ ಕೈ ತೋರಿಸುತ್ತಿದ್ದಳು.

ಈ ಏಪ್ರಿಲ್ಲಿನಲ್ಲಿ ಅದೇ ಗುಡ್ಡದ ಇಳಿಜಾರಿನಲ್ಲಿ ಅಂಚೆಡಬ್ಬಿ ದಾಟುತ್ತಲೇ ಬಲಕ್ಕೆ ಕೈ ಚಾಚಿ ಕೂಗಿದಳು. ಎಲ್ಲರೂ ಎಡಕ್ಕೆ ಸರಿದರು. ಆ ಹಳೆ ಗುಂಡಿಯನ್ನು ರಸ್ತೆಯವರು ಹತ್ತು ದಿನದ ಹಿಂದೆ ಮುಚ್ಚಿ ನುಣ್ಣಗೆ ಮಾಡಿ ಹೋಗಿದ್ದರು. ಎಡಕ್ಕೆ ಹೊಸತೊಂದು ಬಾಯಿ ಬಿಟ್ಟಿತ್ತು. ವರ್ನಾಳ ಚಕ್ರ ಅದರ ಅಂಚಿಗೆ ಗೇಣು ದೂರದಲ್ಲಿ ಹಾದುಹೋಯಿತು. ಅವಳ ಹಿಂದೆಯೇ ಇದ್ದ ಡೆಲ್ಮರ್ ನೇರ ಅದರೊಳಕ್ಕೆ ಹೋದ. ಹೆಗಲಿನ ಮೂಳೆ ಎರಡು ತುಂಡು.

ಬಿದ್ದವನು ಮಲಗಿದಲ್ಲೇ ಕತ್ತು ತಿರುಗಿಸಿ ರಸ್ತೆಯ ಬಲಭಾಗವನ್ನೇ ನೋಡಿದ. ಆಮೇಲೆ ವರ್ನಾಳನ್ನು ನೋಡಿದ. ಆಂಬುಲೆನ್ಸ್ ಬಂದಾಗ ಎಲ್ಲರಿಗೂ ಕೇಳುವ ಹಾಗೆ, "ನಂದೇ ತಪ್ಪು, ಎಲ್ಲೋ ನೋಡ್ತಿದ್ದೆ" ಎಂದ. ಜನ ನಂಬಿದರು. ವರ್ನಾಳಿಗೆ ಅದು ನುಂಗಲಾರದ ತುತ್ತಾಯಿತು.

ಮಂಡಿ ನೋವು ಎಂದು ಹೇಳಿ ಅವಳು ಸೈಕಲ್ಲನ್ನು ನೆಲಮಾಳಿಗೆಯಲ್ಲಿ ತಲೆಕೆಳಗಾಗಿ ನೇತುಹಾಕಿದಳು. ಅಂಗಡಿಯಲ್ಲಿ ಯಾರಾದರೂ ರಸ್ತೆ ಕೆಟ್ಟಿದೆ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅಲ್ಲಿಂದ ಸರಿದುಬಿಡುತ್ತಿದ್ದಳು.

ಮಂಗಳವಾರಗಳು ಮಾತ್ರ ಬಿಡಲಿಲ್ಲ. ಸಂಜೆ ಆರೂ ಕಾಲಿಗೆ ಗುಂಪು ಅವಳ ಮನೆಯ ಮುಂದಿನಿಂದಲೇ ಹೋಗುತ್ತಿತ್ತು. ಆಕೆ ಅಡುಗೆಮನೆಯ ಕಿಟಕಿ ತೆಗೆದು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತ ನಿಲ್ಲುವಳು. ತುಳಿಯುವುದು ನಿಲ್ಲಿಸಿದಾಗ ಹಿಂದಿನ ಚಕ್ರ ಟಿಕಟಿಕ ಎನ್ನುತ್ತದಲ್ಲ, ಆ ಸದ್ದಿನಲ್ಲೇ ಇದು ಡಾಕ್ಟರಮ್ಮ, ಇದು ಹೆಂಚಿನವನು ಎಂದು ಗುರುತಿಸುವಳು. ಸದ್ದು ತಿರುವಿನಾಚೆ ಸಣ್ಣದಾಗಿ ನಿಂತುಹೋದ ಮೇಲೂ ನಲ್ಲಿ ಹರಿಯುತ್ತಲೇ ಇರುತ್ತಿತ್ತು. ಗಂಡ ಸತ್ತಾಗಲೂ ಇಷ್ಟು ಹಸಿದು ಯಾವುದನ್ನೂ ಬಯಸಿರಲಿಲ್ಲ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ಆದರೂ ಬಯಸಿದಳು. ಆ ಆರು ನಿಮಿಷ ಇನ್ನೊಮ್ಮೆ ಬೇಕು. ಕಣ್ಣು ಪೂರಾ ಹೋಗುವ ಮುಂಚೆ, ಒಂದೇ ಒಂದು ಸಲ.

ಡೆಲ್ಮರನ ಚಕ್ರದ ಸದ್ದು ಮಾತ್ರ ಬೇಸಿಗೆಯಿಡೀ ಕೇಳಲಿಲ್ಲ. ಚರ್ಚಿನಲ್ಲಿ ಕೇಳಿದರೆ, "ನಾನು ಈಗ ಬೆಳಿಗ್ಗೆ ಹೊತ್ತು ಹೋಗ್ತೀನಿ" ಎಂದ.

ಆಗಸ್ಟ್ ಕೊನೆಯ ಶನಿವಾರ ಬೆಳಿಗ್ಗೆ ಅವನು ಅವಳ ಅಂಗಳಕ್ಕೆ ಬಂದ. ಅವನ ಪಿಕಪ್ ಗಾಡಿಯ ಹಿಂದೆ ಎರಡು ಸೀಟಿನ ಉದ್ದನೆಯ ಸೈಕಲ್ಲೊಂದು ಮಲಗಿತ್ತು.

"ಇದೇನೋ ತಂದಿದ್ದೀಯ?"

"ಪಕ್ಕದೂರಿನ ಗಂಡ ಹೆಂಡ್ತೀದು. ಇದರ ಮೇಲೆ ಜಗಳ ಆಡಿ ಆಡಿ ಸಾಕಾಯ್ತಂತೆ. ಹಿಂದೆ ಹತ್ತು."

"ಹಿಂದೆ ಇಟ್ಕೊಂಡು ಹೋಗೋಕೆ ನಾನೇನು ಹಾಲಿನ ಕ್ಯಾನಾ?"

"ಹಾಲಿನ ಕ್ಯಾನ್ ಇಷ್ಟು ಮಾತಾಡಲ್ಲ ಮಾರಾಯ್ತಿ."

"ನಂಗೆ ಮಂಡಿ ನೋವು."

ಡೆಲ್ಮರ್ ಸೈಕಲ್ಲನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ. ಎಡಗೈಯನ್ನು ಪೂರ್ತಿ ಮೇಲೆತ್ತಲು ಅವನಿಗೆ ಇನ್ನೂ ಆಗುತ್ತಿರಲಿಲ್ಲ.

"ನಿನ್ನ ಮಂಡಿ ಚೆನ್ನಾಗಿದೆ," ಎಂದ. "ನೀನು ಕೈ ತೋರಿಸಿದ ಕಡೆ ಗುಂಡಿ ಇರ್ಲಿಲ್ಲ ವರ್ನಾ. ಬಿದ್ದಲ್ಲಿಂದಾನೇ ನೋಡ್ದೆ."

ವರ್ನಾ ಮೆಟ್ಟಿಲ ಮೇಲೆ ಕುಳಿತಳು. ನಾಲ್ಕು ತಿಂಗಳಿಂದ ಹೆದರಿದ್ದ ಮಾತು ಬಂದೇಬಿಟ್ಟಾಗ ಅವಳಿಗೆ ಹಗುರವೇ ಆಯಿತು.

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಸೈಕಲ್ ನಿಂತೋಗ್ತಿತ್ತು."

"ಹೇಳ್ದೇನೂ ನಿಂತೋಯ್ತಲ್ಲೋ." ಅವನ ಹೆಗಲಿನ ಕಡೆ ತಿರುಗಿ, "ಕಣ್ಣಿನ ನಡುವೆ ಮಬ್ಬು ಕೂತಿದೆ ನಂಗೆ, ಅಂಚು ಮಾತ್ರ ಕಾಣುತ್ತೆ. ನಿನ್ನ ಮೂಳೆ ಮುರಿದಿದ್ದು ನಾನು. ತಪ್ಪಾಯ್ತು ಡೆಲ್ಮರ್," ಎಂದಳು.

"ಆಯ್ತು. ಈಗ ಹತ್ತು. ಬಿಸಿಲೇರುತ್ತೆ."

ಮೂವತ್ತೊಂದು ವರ್ಷ ಮುಂದೆ ಇದ್ದವಳು ಹಿಂದೆ ಕೂರುವುದು ಸುಲಭವಲ್ಲ. ಎರಡು ಜೊತೆ ಪೆಡಲಿಗೂ ಒಂದೇ ಸರಪಳಿಯ ನಂಟು. ಅವನು ತುಳಿದರೆ ಇವಳ ಕಾಲೂ ಸುತ್ತಲೇಬೇಕು, ಅವನು ನಿಲ್ಲಿಸಿದರೆ ಇವಳದೂ ನಿಲ್ಲಬೇಕು. ಬೆರಳುಗಳು ಬ್ರೇಕು ಹುಡುಕಿದವು, ಸಿಗಲಿಲ್ಲ. ಮೊದಲ ಮೈಲಿಯಲ್ಲಿ ಆಕೆ ಅವನಿಗೆ ಹದಿನೈದು ಸಲ ಬುದ್ಧಿ ಹೇಳಿದಳು. ಗೇರು ಈಗ ಇಳಿಸು, ಮೊಣಕೈ ಸಡಿಲ ಬಿಡು, ನೀರು ಕುಡಿದೆಯಾ. ಆ ಗಂಡ ಹೆಂಡಿರು ಯಾಕೆ ಜಗಳವಾಡಿದರೆಂದು ಡೆಲ್ಮರನಿಗೆ ಅರ್ಥವಾಯಿತು.

ಏರು ಶುರುವಾದಾಗ ಅವಳ ಬಾಯಿ ಮುಚ್ಚಿತು, ಕಾಲು ಮಾತಾಡಿತು. ಬೇಸಿಗೆಯಿಡೀ ತಟ್ಟೆ ತೊಳೆದ ಸಿಟ್ಟನ್ನೆಲ್ಲ ಪೆಡಲಿಗೆ ಹಾಕಿದಳು. ಗುಡ್ಡದ ನೆತ್ತಿಗೆ ಬಂದಾಗ ಇಬ್ಬರ ಬೆನ್ನೂ ತೊಯ್ದಿತ್ತು. ಕಣ್ಣಂಚಿನಲ್ಲಿ ಜೋಳದ ಹೊಲದ ಹಸಿರು, ಒಂದು ಕೆಂಪು ಕೊಟ್ಟಿಗೆ. ಮುಂದೆ ಇಳಿಜಾರು.

ಸೈಕಲ್ಲು ಹತ್ತು ಮಾರು ಇಳಿದು ನಿಂತಿತು.

"ಏನಾಯ್ತು?"

ಡೆಲ್ಮರ್ ಎರಡು ಬ್ರೇಕನ್ನೂ ಬೆರಳು ಬೆಳ್ಳಗಾಗುವಷ್ಟು ಹಿಡಿದಿದ್ದ.

"ಡೆಲ್ಮರ್, ಬಿಡೋ."

"ಆಗಲ್ಲ. ಏಪ್ರಿಲ್ಲಿಂದ ಒಂದು ಇಳಿಜಾರೂ ಇಳಿದಿಲ್ಲ ನಾನು. ಬೆಳಿಗ್ಗೆ ಹೋಗ್ತೀನಿ ಅಂದದ್ದು ಸುಳ್ಳು. ನೀನು ಬೆನ್ನ ಹಿಂದೆ ಇದ್ರೆ ಆಗುತ್ತೇನೋ ಅಂತ ಕರ್ಕೊಂಡು ಬಂದೆ."

ವರ್ನಾಳಿಗೆ ಬಂದದ್ದು ಕರುಣೆಯಲ್ಲ, ಕೋಪ. "ನಾಲ್ಕು ತಿಂಗಳು ಇದಕ್ಕೇ ಕಾದಿದ್ದೀನಿ. ನಂಗೆ ಇನ್ನೆಷ್ಟು ದಿನ ಇದೆ ಅಂತ ಗೊತ್ತಾ ನಿಂಗೆ? ಮುಂದಿನ ಬೇಸಿಗೆಗೆ ಈ ಅಂಚೂ ಇರಲ್ಲ. ಎರಡು ಮೈಲಿ ಕಣೋ. ಗುಂಡಿ ಬಂದ್ರೆ ನಿಂಗೆ ಕಣ್ಣಿದೆ, ನೋಡು."

"ಗುಂಡಿ ಕಾಣಲ್ಲ ವರ್ನಾ," ಎಂದ ಅವನು, ತಿರುಗದೆ. "ಕೆಳಗೆ ನೋಡಿದ್ರೆ ನಿನ್ನ ಕೈ ಕಾಣುತ್ತೆ."

ಮೂಳೆ ಮುರಿದದ್ದಕ್ಕೆ ಕ್ಷಮೆ ಕೇಳಿದ್ದಾಗಿತ್ತು. ಇದನ್ನು ಏನೆಂದು ಕೇಳುವುದು? ತನ್ನ ಕೈಯಿಂದ ಏನು ಹೋಯಿತೆಂದು ಬೇಸಿಗೆಯಿಡೀ ಕೊರಗಿದವಳು, ಇವನಿಂದ ಏನು ಕಿತ್ತುಕೊಂಡೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಇಬ್ಬರ ಇಳಿಜಾರನ್ನೂ ಅವಳೇ ತಿಂದುಹಾಕಿದ್ದಳು.

ಮೆಲ್ಲಗೆ ಕೆಳಗಿಳಿದು ಸೀಟನ್ನು ಹಿಡಿದುಕೊಂಡಳು. "ಇಳಿ," ಎಂದಳು. "ನಡ್ಕೊಂಡು ಹೋಗೋಣ. ರಸ್ತೇಲಿ ಏನಿದೆ ನೋಡಿ ಒಂದೊಂದೇ ಹೇಳ್ತಾ ಬಾ. ನಾನು ಹೇಳಲ್ಲ, ನೀನು ಹೇಳು."

"ಎರಡು ಮೈಲಿನಾ?"

"ಅಂಚೆಯವನು ನೀನು, ಮನೆ ಮನೆ ಓಡಾಡಿ ಅಭ್ಯಾಸ ಇಲ್ವಾ?"

ಅವನು ಹೇಳುತ್ತ ನಡೆದ. ಇಲ್ಲೊಂದು ಬಿರುಕು, ಟಾರು ಬಳಿದಿದ್ದಾರೆ. ಇಲ್ಲಿ ಜಲ್ಲಿ. ಇದು ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್‌ರ ಕುದುರೆಯ ಲದ್ದಿ, ಮೊನ್ನೆಯದು. ತಾನು ಬಿದ್ದ ಜಾಗಕ್ಕೆ ಬಂದಾಗ ನಿಂತು ಬೂಟಿನಿಂದ ತಟ್ಟಿ ನೋಡಿದ. ಅದನ್ನೂ ಮುಚ್ಚಿದ್ದರು. ವರ್ನಾ ತಿದ್ದದೆ ಕೇಳುತ್ತ ಬಂದಳು. ಬಾಯಿಪಾಠವಾಗಿದ್ದ ಹಳೆ ರಸ್ತೆಯನ್ನು ಬಿಟ್ಟುಕೊಡುವುದು ಹಲ್ಲು ಕೀಳಿಸಿಕೊಂಡ ಹಾಗಿತ್ತು.

ಕೊನೆಯ ಕಾಲು ಮೈಲಿ ಉಳಿದಾಗ ಡೆಲ್ಮರ್ ನಿಂತ. ಕೆಳಗೆ ಗುಡ್ಡದ ಬುಡದ ತೊರೆಯವರೆಗೆ ಬಹಳ ಹೊತ್ತು ನೋಡಿದ.

"ಇಲ್ಲಿಂದ ಏನೂ ಇಲ್ಲ," ಎಂದ. "ನುಣ್ಣಗಿದೆ."

"ನಿಜವಾಗ್ಲೂ?"

"ನಾನು ನೋಡಿ ಹೇಳ್ತಿದೀನಿ."

ಹತ್ತಿದರು. ಅವನು ಬ್ರೇಕನ್ನು ಒಂದೊಂದೇ ಬೆರಳು ಬಿಡುತ್ತಿದ್ದಾನೆಂದು ಅವಳಿಗೆ ಸೈಕಲ್ಲಿನ ಮೈಯಿಂದಲೇ ತಿಳಿಯುತ್ತಿತ್ತು. ಗಾಳಿ ಮೊದಲು ಕತ್ತಿಗೆ ಬಂತು, ಆಮೇಲೆ ಕಿವಿಗೆ. ಅವಳು ಕಣ್ಣು ಮುಚ್ಚಿಕೊಂಡಳು, ತೆರೆದಿದ್ದರೂ ಬೆನ್ನೇ ತಾನೆ ಕಾಣುವುದು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ತೊರೆಯ ಸದ್ದು ಹತ್ತಿರವಾಗಿ ಸೈಕಲ್ಲು ತಾನೇ ನಿಧಾನವಾಯಿತು.

ಇಬ್ಬರೂ ಕಾಲೂರಿ ನಿಂತರು. ಡೆಲ್ಮರ್ ಬ್ರೇಕಿನಿಂದ ಬೆರಳು ತೆಗೆದು ಮಡಿಚಿ ಬಿಚ್ಚಿ ನೋಡಿಕೊಂಡ.

"ಸಾಕಾ?" ಎಂದು ಕೇಳಿದ.

ವರ್ನಾ ಕೆನ್ನೆ ಒರೆಸಿಕೊಂಡಳು. ಸಾಕೆಂದು ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಆದರೆ ಇವನಿಗೆ ಇನ್ನು ಸುಳ್ಳು ಹೇಳುವುದಿಲ್ಲವೆಂದು ಬರುವಾಗಲೇ ನಿಶ್ಚಯಿಸಿದ್ದಳು.

"ಸಾಲ್ದು ಕಣೋ," ಎಂದಳು. "ಎಲ್ಲಿಗೂ ಸಾಲ್ದು."

"ನಂಗೂ," ಎಂದ ಅವನು. ಇಬ್ಬರೂ ಸೇರಿ ಸೈಕಲ್ಲನ್ನು ತಿರುಗಿಸಿ, ಈ ಸಲ ಅರ್ಧ ಮೈಲಿ ಮೇಲಿನಿಂದ ಎಂದು ಮಾತಾಡಿಕೊಂಡು, ಗುಡ್ಡದ ಕಡೆ ನೂಕತೊಡಗಿದರು.