ಕೋಟು ತೊಟ್ಟ ಮೇಲೆ ಕನ್ನಡವಿಲ್ಲ

ಭದ್ರಾವತಿಯ ಓಲ್ಡ್ ಟೌನಿನ ಆ ನಡುಮನೆಯಲ್ಲಿ ಅವತ್ತು ಇದ್ದವರು ಅಪ್ಪ, ಗಿರಿಜಕ್ಕ, ನಾನು, ವೀರಭದ್ರಯ್ಯನವರು, ಮತ್ತು ಗೂಟಕ್ಕೆ ನೇತುಹಾಕಿದ್ದ ಅವರ ಕರಿ ಕೋಟು. ಕೋಟನ್ನೂ ಜನರ ಜೊತೆ ಸೇರಿಸಿ ಹೇಳುತ್ತಿದ್ದೇನೆ, ಯಾಕೆಂದರೆ ಪಂಚೆಯ ಮೇಲೆ ಅದನ್ನು ತೊಟ್ಟ ಕ್ಷಣದಿಂದ ವೀರಭದ್ರಯ್ಯನವರು ಬೇರೆಯೇ ಮನುಷ್ಯ. "ಕೋಟು ತೊಟ್ಟ ಮೇಲೆ ಕನ್ನಡ ಇಲ್ಲ. ಮನೆಗೆ ಬೆಂಕಿ ಬಿದ್ರೂ ಇಲ್ಲ," ಎಂದು ಮೊದಲೇ ಎಚ್ಚರಿಸುತ್ತಿದ್ದರು.

ರೈಲ್ವೆಯಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದವರು. ವೇಟಿಂಗ್ ರೂಮಿನಲ್ಲಿ ದೊಡ್ಡ ಅಧಿಕಾರಿಗಳು ಆಡಿಕೊಳ್ಳುತ್ತಿದ್ದ ಮಾತನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ನಿವೃತ್ತರಾಗಿ, ಮನೆಯಲ್ಲೇ ಇಂಗ್ಲಿಷ್ ಮಾತು ಕಲಿಸುತ್ತಿದ್ದರು. "ಇಂಗ್ಲಿಷಲ್ಲಿ ಸರಿ ತಪ್ಪು ಅಂತಿಲ್ಲ ಮಾರಾಯ, ಹೊತ್ತು ಗೊತ್ತು ಅಂತಿದೆ" ಎನ್ನುವುದು ಅವರ ಸಿದ್ಧಾಂತ. ಡಾಕ್ಟರ ಮುಂದೆ ಒಂದು ಮಾತು, ಫೋರ್‌ಮನ್ನರ ಮುಂದೆ ಇನ್ನೊಂದು. ಒಮ್ಮೆ ಪಾಠದ ನಡುವೆ ಪಕ್ಕದ ಮನೆ ಎಮ್ಮೆ ಅಂಗಳಕ್ಕೆ ನುಗ್ಗಿ ಒಣಹಾಕಿದ್ದ ಭತ್ತಕ್ಕೆ ಬಾಯಿ ಹಾಕಿತಂತೆ. ಇವರು ಕೋಟಿನಲ್ಲಿದ್ದರು. "ಕೈಂಡ್ಲಿ ವಿತ್‌ಡ್ರಾ," ಎಂದರು. ಎಮ್ಮೆ ಕದಲಲಿಲ್ಲ. ಆಮೇಲೆ "ಐ ಮಸ್ಟ್ ಇನ್ಸಿಸ್ಟ್," ಎಂದರು. ಅಷ್ಟರಲ್ಲಿ ಅವರ ಹೆಂಡತಿ ಪಾರ್ವತಮ್ಮ ಪೊರಕೆ ತಂದು ಅಚ್ಚ ಕನ್ನಡದಲ್ಲಿ ಎಮ್ಮೆಯನ್ನು ಓಡಿಸಿದರು.

"ಮೊದಲೇ ಗದರಿದ್ರೆ ಭತ್ತ ಉಳೀತಿತ್ತಲ್ರೀ?" ಎಂದು ಇವರು ಕೋಟು ಬಿಚ್ಚಿದ ಮೇಲೆ ಪಾರ್ವತಮ್ಮ ಕೇಳಿದರಂತೆ.

"ಮೊದಲ ಸಲವೇ ಇನ್ಸಿಸ್ಟ್ ಅನ್ನೋದು ಮರ್ಯಾದಸ್ಥರ ಲಕ್ಷಣ ಅಲ್ಲ ಕಣೇ."

ನಾವು ಶಿವಮೊಗ್ಗದಿಂದ ರೈಲು ಹತ್ತಿ ಅವರಲ್ಲಿಗೆ ಹೋದದ್ದು ಅಕ್ಕನ ಸಲುವಾಗಿ. ಅವಳಿಗೆ ಭದ್ರಾವತಿಯ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಅಧಿಕಾರಿಗಳ ಜೊತೆ ಓಡಾಡುವವನು. ಅಕ್ಕ ಅವನನ್ನು ನೆಂಟರ ಮದುವೆಯಲ್ಲಿ ನೋಡಿ ಮೆಚ್ಚಿಬಿಟ್ಟಿದ್ದಳು. ಜವಳಿ ಅಂಗಡಿಯ ಅಪ್ಪನಿಗೆ ಮಾತ್ರ, ಅವರೆದುರು ನಾವು ಹಳ್ಳಿಗಮಾರರ ಹಾಗೆ ಕಂಡು ಸಂಬಂಧ ತಪ್ಪಿಹೋದರೆ ಎಂಬ ಅಂಜಿಕೆ.

ವೀರಭದ್ರಯ್ಯನವರ ಪಾಠದ ಕ್ರಮ ಒಂದೇ. ಅವರು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು, ನಾವು ಉತ್ತರ ಹೇಳಬೇಕು. ಅವರು ಗದ್ದ ಎತ್ತಿ, ಗಂಟಲು ದಪ್ಪ ಮಾಡಿ, "ವೆಲ್, ಹೌ ಡು ಯು ಫೈಂಡ್ ದಿ ವೆದರ್?" ಎನ್ನುವರು. ಅಪ್ಪ ಎದೆಯ ಮೇಲೆ ಕೈಯಿಟ್ಟು, "ಟಾಲರಬಲ್ ಸರ್, ಬೈ ಯುವರ್ ಗ್ರೇಸ್," ಎನ್ನಬೇಕು. "ಎದುರಿನವರು ಬಾಯಿ ಬಿಡೋವರೆಗೂ ತುಟಿ ಬಿಚ್ಚಬೇಡಿ. ಕನ್ನಡವಂತೂ ಕೂಡದು. ಗತ್ತೆಲ್ಲ ಅದರಲ್ಲೇ ಇರೋದು," ಎಂದು ಕೋಟು ಬಿಚ್ಚಿದ ಮೇಲೆ ಹೇಳಿ ಕಳಿಸಿಕೊಟ್ಟರು.

ಗಂಡಿನವರು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಅಪ್ಪ ಎದೆಯ ಮೇಲೆ ಕೈಯಿಟ್ಟು, ಗದ್ದ ಎತ್ತಿ, ತುಟಿ ಮುಚ್ಚಿ ನಿಂತರು. ಎದುರಿಗೆ ಗಂಡಿನ ತಂದೆಯೂ ಎದೆಯ ಮೇಲೆ ಕೈಯಿಟ್ಟು, ಗದ್ದ ಎತ್ತಿ, ತುಟಿ ಮುಚ್ಚಿ ನಿಂತರು. ಹುಡುಗನೂ ಹಾಗೆಯೇ. ಯಾರೂ ಮಾತಾಡಲಿಲ್ಲ. ಕೂತರು, ಆಗಲೂ ಇಲ್ಲ. ಉಪ್ಪಿಟ್ಟು ಆರಿತು. ಅಮ್ಮ ಅಪ್ಪನ ಕಡೆ ಕಣ್ಣು ಬಿಟ್ಟಳು. ಅಪ್ಪ ಗೋಡೆ ನೋಡಿದರು. ಹುಡುಗನ ತಾಯಿಯ ಮುಖ ಬಿಗಿಯಿತು. "ಒಂದು ಮಾತಿಗೂ ಗತಿಯಿಲ್ಲದ ಮನೆ. ಏಳಿ, ಹೋಗೋಣ," ಎಂದು ಸೆರಗು ಹೊದ್ದು ಎದ್ದರು.

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಗಂಡಿನವರ ಎದೆಯ ಮೇಲಿನ ಕೈಗಳನ್ನೇ ನೋಡುತ್ತಿದ್ದಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ನೆಟ್ಟಗೆ ಹುಡುಗನ ಮುಂದೆ ಹೋಗಿ, ಗದ್ದ ಎತ್ತಿ, ಗಂಟಲು ದಪ್ಪ ಮಾಡಿ ಕೇಳಿದಳು:

"ವೆಲ್, ಹೌ ಡು ಯು ಫೈಂಡ್ ದಿ ವೆದರ್?"

ಹುಡುಗ ಚಿಮ್ಮಿ ಎದ್ದು ನಿಂತ. "ಟಾಲರಬಲ್ ಸರ್, ಬೈ ಯುವರ್ ಗ್ರೇಸ್."

ಅವನ ತಂದೆ ಅಪ್ಪನ ಕಡೆ ತಿರುಗಿದರು. "ನೀವೂ ವೀರಭದ್ರಯ್ಯನೋರ ಹತ್ರಾನಾ?"

"ಹೂಂ," ಎಂದರು ಅಪ್ಪ. ಉಪ್ಪಿಟ್ಟು ಬಿಸಿ ಮಾಡಿ ತಂದೆವು. ಮಿಕ್ಕ ಮಾತೆಲ್ಲ ಕನ್ನಡದಲ್ಲೇ ಆಗಿ, ತಾಂಬೂಲ ಬದಲಾಯಿತು.

"ಎರಡೂ ಕಡೆಯವರಿಗೂ ಕಲಿಸ್ತಿದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದು ಆಮೇಲೆ ಅಪ್ಪ ನಮ್ಮನ್ನೂ ಕರೆದುಕೊಂಡು ಜಗಳಕ್ಕೇ ಹೋದರು.

"ಒಬ್ಬರ ಕಾಯಿಲೇನ ವೈದ್ಯ ಇನ್ನೊಬ್ಬರಿಗೆ ಹೇಳ್ತಾನೇನ್ರೀ?" ಎಂದರು ವೀರಭದ್ರಯ್ಯನವರು. ಅಕ್ಕನ ಕಡೆ ತಿರುಗಿ, "ನೀನು ಕೇಳಿದ್ದು ಸರಿಯಮ್ಮ. ಆದ್ರೆ ಕೋಟಿಲ್ಲದೆ ಕೇಳಿದೆ, ಅದೊಂದು ಕೊರತೆ," ಎಂದರು.

ಕೆಲವು ವರ್ಷಗಳ ಮೇಲೆ ಅವರು ಹೋಗಿಬಿಟ್ಟರು. ಅಕ್ಕ, ಭಾವ, ನಾನು ಹೋದಾಗ ಅಂಗಳದ ತುಂಬ ಅವರ ಶಿಷ್ಯರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಪಾರ್ವತಮ್ಮ ಕೋಟನ್ನೂ ತೊಡಿಸಿದ್ದರು. ಅದನ್ನು ಕಂಡು ಬಂದವರಿಗೆಲ್ಲ ಬಾಯಿ ಕಟ್ಟಿಹೋಗಿತ್ತು. ಒಬ್ಬೊಬ್ಬರೂ ಹೊಸ್ತಿಲ ಬಳಿ ಹೋಗಿ, ಎದೆಯ ಮೇಲೆ ಕೈಯಿಟ್ಟು ಸ್ವಲ್ಪ ಕಾದು, ಹಿಂದಕ್ಕೆ ಬರುತ್ತಿದ್ದರು. ಪಾರ್ವತಮ್ಮ ಕಣ್ಣೀರಿಲ್ಲದೆ ಕಲ್ಲಿನಂತೆ ಕೂತಿದ್ದರು. ಅವರನ್ನು ಮಾತಾಡಿಸುವವರೂ ಇರಲಿಲ್ಲ.

ಅಕ್ಕ ಒಳಗೆ ಹೋಗಿ ವೀರಭದ್ರಯ್ಯನವರ ಪಕ್ಕದಲ್ಲಿ ನಿಂತಳು. ಗದ್ದ ಎತ್ತಿದಳು. ಅವರ ದನಿಯಲ್ಲೇ ಕೇಳಿದಳು: "ವೆಲ್, ಹೌ ಡು ಯು ಫೈಂಡ್ ದಿ ವೆದರ್?"

"ಟಾಲರಬಲ್ ಸರ್, ಬೈ ಯುವರ್ ಗ್ರೇಸ್," ಎಂದಿತು ಇಡೀ ಅಂಗಳ.

ಆಗ ಪಾರ್ವತಮ್ಮ ಅತ್ತರು. ಆಮೇಲೆ ಶಿಷ್ಯರು ವೀರಭದ್ರಯ್ಯನವರನ್ನು ಎತ್ತಿಕೊಂಡು ಹೊರಟರು.