ರಸ್ತೆ ಕಡೆಯ ಪಟ್ಟಿ

ಕೊಯ್ನಾದಲ್ಲಿ ನೆಲ ನಡುಗಿ ಜನ ಸತ್ತ ಮೇಲೆ ನಮ್ಮ ಲೋಕೋಪಯೋಗಿ ಇಲಾಖೆಗೆ ಜ್ಞಾನೋದಯ ಆಯಿತು. ಹೊಸ ಶಾಲೆಗಳಿಗೆಲ್ಲ ಬಾಗಿಲ ಮೇಲ್ಮಟ್ಟದಲ್ಲಿ, ನಾಲ್ಕೂ ಗೋಡೆ ಸುತ್ತಿಬರುವ ಕಾಂಕ್ರೀಟ್ ಪಟ್ಟಿ ಹಾಕಬೇಕೆಂದು ಆದೇಶ ಬಂತು. ಭೂಕಂಪದಲ್ಲಿ ಗೋಡೆಗಳು ಒಂದೊಂದು ದಿಕ್ಕಿಗೆ ಬೀಳದಂತೆ ಬಿಗಿಯುವ ನಡುಕಟ್ಟು ಅದು.

ಇಡಗುಂದಿ ಹತ್ತಿರ ಕಾಡಿನ ನಡುವೆ ಕಟ್ಟುತ್ತಿದ್ದ ಶಾಲೆ ನೋಡಲು ಹೋದೆ. ಮುಂದಿನ ಗೋಡೆಯಲ್ಲಿ ಪಟ್ಟಿ ಇತ್ತು, ಕಾಣಲೆಂದು ಕೆಮ್ಮಣ್ಣು ಬೇರೆ ಬಳಿದಿದ್ದರು. ಹಿಂದೆ ಹೋದರೆ ಬರೀ ಚಿರೆಕಲ್ಲು, ಮಣ್ಣು.

"ಏನ್ರಿ ಇದು?" ಎಂದು ಗುತ್ತಿಗೆದಾರನ ಮೇಲೆ ರೇಗಿದೆ. ಅವನು ಹಾವೇರಿ ಕಡೆಯವ.

"ಸಾಹೇಬ್ರ ಜೀಪು ರಸ್ತಾದಾಗ ನಿಂದರ್ತೈತ್ರಿ. ಹಿಂದಿನ ಗ್ವಾಡಿ ಯಾರ್ ನೋಡ್ತಾರ್ರಿ?"

"ಆ ಗೋಡೆಗೆ ಒರಗಿ ಮಕ್ಕಳು ಕೂರ್ತಾವಲ್ಲೋ ಮಾರಾಯ!" ಎಂದು ಕೂಗಾಡಿ ಕೆಲಸ ನಿಲ್ಲಿಸಿದೆ.

ಮರುವಾರ ನಮ್ಮ ಸಾಹೇಬರು ಬಂದರು. ಜೀಪಿನಿಂದ ಇಳಿಯಲೂ ಇಲ್ಲ. ಕೆಂಪು ಪಟ್ಟಿ ನೋಡಿ, "ಚೆನ್ನಾಗಿದೆ, ಹೆಂಚು ಹೊದಿಸಿ" ಎಂದರು. ಹಿಂದಿನ ಗೋಡೆಯ ಮಾತೆತ್ತಿದೆ. "ಈ ಕಾಡಿಗೆ ಭೂಕಂಪ ಎಲ್ಲಿಂದ ಬರುತ್ತಯ್ಯಾ?" ಎಂದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. "ಅದಕ್ಕೂ ಒಂದು ಆದೇಶ ಕಳಿಸಿಬಿಡಿ ಸಾರ್," ಎಂದೆ, "ಬರುವುದಾದರೆ ರಸ್ತೆ ಕಡೆಯಿಂದಲೇ ಬರತಕ್ಕದ್ದು ಅಂತ."